ಬಿಟ್ಟಿ ಅಂದ್ರೆ ಏನು? ದೊಡ್ಡವ್ವನ ಸಂಬಳದ ಲೆಕ್ಕ



ಉದ್ದ ಆಗಿದೆ. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ವಾರ ಆಫೀಸಿನಲ್ಲಿ ಟೀ ಹೊತ್ತಲ್ಲಿ ಒಬ್ಬ ಸಹೋದ್ಯೋಗಿ ವಾಟ್ಸಾಪಿಗೆ ಬಂದ ಮೆಸೇಜೊಂದನ್ನ ಜೋರಾಗಿ ಓದಿದ್ರು. ನಾವು ಬೆವರು ಸುರಿಸಿ ಟ್ಯಾಕ್ಸ್ ಕಟ್ಟೋದು, ಅವರು ಮನೇಲಿ ಕೂತು ಬಿಟ್ಟಿ ತಿನ್ನೋದು ಅನ್ನೋ ಅರ್ಥದ್ದು. ಎಲ್ಲರೂ ನಕ್ಕರು. ಐದು ನಿಮಿಷ ಕಳೀಲಿಲ್ಲ, ಮಾತು ಹಳೇ ಪಿಂಚಣಿ ಕಡೆ ತಿರುಗಿತು. "ಒಪಿಎಸ್ ನಮ್ಮ ಹಕ್ಕು ಕಣ್ರೀ, ಸರ್ಕಾರ ಎಲ್ಲಿಂದಾದ್ರೂ ತಂದು ಕೊಡಲಿ" ಅಂದ್ರು ಅದೇ ಸಹೋದ್ಯೋಗಿ. ಎಲ್ಲರೂ ಹೌದು ಹೌದು ಅಂದ್ರು. ನಾನೂ ಅಂದೆ. ಯಾಕಂದ್ರೆ ನಾನೂ 2006ರ ನಂತರ ಸೇರಿದ ಎನ್‌ಪಿಎಸ್ ಗುಮಾಸ್ತನೇ.

ಆ ಭಾನುವಾರ ಕುದೇರಿಗೆ ಹೋದಾಗ ದೊಡ್ಡವ್ವ ಜಗುಲಿ ಮೇಲೆ ಕೂತಿತ್ತು. ಸೆರಗಿನ ಗಂಟಿಂದ ಪಾಸ್‌ಬುಕ್ ತೆಗೆದು, "ಮಗ, ಸಂಬ್ಳ ಹಾಕವ್ರಾ ನೋಡ್ಲಾ, ಎರಡು ತಿಂಗ್ಳಾಯ್ತು" ಅಂತು. ಸಂಧ್ಯಾ ಸುರಕ್ಷಾ ದುಡ್ಡು. ತಿಂಗಳಿಗೆ 1200. ನಮ್ಮ ಕಡೆ ಮುದುಕರು ಯಾರೂ ಅದನ್ನ ವೇತನ ಅನ್ನಲ್ಲ, ಪಿಂಚಣಿ ಅಂತಲೂ ಅನ್ನಲ್ಲ, ಸಂಬಳ ಅಂತಾರೆ. ಕಚೇರಿ ಕಡತದಲ್ಲಿ ಮಾತ್ರ ದೊಡ್ಡವ್ವ "ಫಲಾನುಭವಿ". ವಾಟ್ಸಾಪಲ್ಲಿ "ಬಿಟ್ಟಿ ತಿನ್ನೋರು".

ಈ ಮೂರು ಪದ ನನ್ನ ತಲೇಲಿ ಒಂದು ವಾರ ಕೊರೀತಾ ಇದ್ವು. ಇದ್ರಲ್ಲಿ ಯಾವುದು ಸರಿ ಅಂತ ಹಿಂದಿನ ಲೆಕ್ಕ ತೆಗೆದು ನೋಡೋಣ ಅನ್ನಿಸ್ತು.

ಮೊದಲು ಬಿಟ್ಟಿ. ಇದು ಸಂಸ್ಕೃತದ ವಿಷ್ಟಿ ಅನ್ನೋ ಪದದಿಂದ ಬಂದದ್ದು. ವಿಷ್ಟಿ ಅಂದ್ರೆ ಕೂಲಿ ಕೊಡದೆ ಬಲವಂತದಿಂದ ಮಾಡಿಸೋ ದುಡಿಮೆ. ನಮ್ಮ ನಾಡಿನ ಹಳೇ ಶಾಸನಗಳಲ್ಲಿ ತೆರಿಗೆಗಳ ಹೆಸರಿನ ಜೊತೆಗೇ ಬಿಟ್ಟಿಯೂ ಬರುತ್ತೆ. ಭೂಮಿ ಇದ್ದವನು ದವಸದಲ್ಲೋ ದುಡ್ಡಲ್ಲೋ ತೆರಿಗೆ ಕೊಡ್ತಿದ್ದ. ಏನೂ ಇಲ್ಲದವನು ಮೈಯಲ್ಲಿ ಕೊಡಬೇಕಿತ್ತು. ಕೆರೆ ಏರಿಗೆ ಮಣ್ಣು ಹೊರೋದು, ದಾರಿ ಮಾಡೋದು, ಅಧಿಕಾರಿ ಬಂದ್ರೆ ಅವನ ಸಾಮಾನು ಮುಂದಿನ ಊರಿನ ತನಕ ಹೊತ್ತು ಬಿಟ್ಟು ಬರೋದು. ಬಿಟ್ಟಿ ಚಾಕರಿ ಅಂತ ಈಗಲೂ ಅಂತೀವಲ್ಲ, ಅದೇ. ಅಂದ್ರೆ ಬಿಟ್ಟಿ ಅನ್ನೋದು ಬಡವನು ತಿಂದದ್ದಲ್ಲ, ಬಡವನು ಕಟ್ಟಿದ್ದು. ಒಂದು ತೆರಿಗೆಯ ಹೆಸರನ್ನೇ ಅದನ್ನ ತೆತ್ತವರ ಮೊಮ್ಮಕ್ಕಳ ಮೇಲೆ ಬೈಗುಳ ಮಾಡಿ ಎಸೀತಾ ಇದ್ದಾರೆ. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ ಅಂದ್ರೆ ನಂಬಿ.

ಇನ್ನೊಂದು ಪದ ಕುಳ. ಕುಳ ಅಂದ್ರೆ ಕಂದಾಯ ಕಟ್ಟೋನು. "ದೊಡ್ಡ ಕುಳ" ಅಂತ ಈಗಲೂ ಅಂತೀವಿ. ಶಾನುಭೋಗರ ಪುಸ್ತಕದಲ್ಲಿ ಹೆಸರು ಇದ್ದವನು ಕುಳ. ನಮ್ಮ ಕೇರಿಯವರಿಗೆ ಭೂಮಿ ಇಲ್ಲ, ಅದಕ್ಕೆ ಪುಸ್ತಕದಲ್ಲಿ ಹೆಸರಿಲ್ಲ, ಅದಕ್ಕೆ ಅವರು ಸರ್ಕಾರಕ್ಕೆ ಏನೂ ಕೊಟ್ಟೇ ಇಲ್ಲ ಅಂತ ಲೆಕ್ಕ. ಈಗ ಕುಳ ಅನ್ನೋ ಜಾಗಕ್ಕೆ "ಟ್ಯಾಕ್ಸ್ ಪೇಯರ್" ಬಂದು ಕೂತಿದೆ. ಆದಾಯ ತೆರಿಗೆ ಪಟ್ಟೀಲಿ ಹೆಸರಿಲ್ಲದವನು ಏನೂ ಕೊಟ್ಟಿಲ್ಲ ಅನ್ನೋದು ಹಳೇ ಲೆಕ್ಕವೇ.

ಈಗ ತೋಟಿಯ ವಿಚಾರಕ್ಕೆ ಬರ್ತೀನಿ. ಹಳೇ ಮೈಸೂರಿನ ಯಾವ ಊರು ತಗೊಳ್ಳಿ, ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಇರ್ತಿದ್ರು. ತೋಟಿ, ಕುಳವಾಡಿ ಕೆಲಸ ಹೆಚ್ಚಾಗಿ ನಮ್ಮ ಜನರದ್ದು. ಕಂದಾಯದ ಕಾಲ ಬಂದ್ರೆ ಮನೆಮನೆಗೆ ಹೋಗಿ ಕುಳಗಳನ್ನ ಚಾವಡಿಗೆ ಕರೀಬೇಕು. ವಸೂಲಾದ ಹಣದ ಜೊತೆ ತಾಲೂಕು ಕಚೇರಿ ತನಕ ನಡೀಬೇಕು. ಅಮಲ್ದಾರ ಬಂದ್ರೆ ಕುದುರೆಗೆ ಹುಲ್ಲು ಹಾಕಬೇಕು. ಸರ್ವೆ ಆದ್ರೆ ಸರಪಳಿ ಹಿಡೀಬೇಕು, ಗಡಿ ಕಲ್ಲು ತೋರಿಸಬೇಕು. ಸತ್ತವರ ಸುದ್ದಿ ಊರೂರಿಗೆ ಮುಟ್ಟಿಸಬೇಕು. ರಾಜ್ಯದ ಇಡೀ ಕಂದಾಯ ಆಡಳಿತ ಇವರ ಕಾಲಿನ ಮೇಲೆ ನಿಂತಿತ್ತು. ಇದಕ್ಕೆ ಪ್ರತಿಯಾಗಿ ಒಂದು ತುಂಡು ಇನಾಂತಿ ಜಮೀನು, ಸುಗ್ಗೀಲಿ ಕಣದಲ್ಲಿ ಕೊಡೋ ಆಯ. ಕೊಡೋನ ಮರ್ಜಿ. ಕೈ ಚಾಚಿ ನಿಂತು ಇಸ್ಕೋಬೇಕು. ಅದು ಮಾಡಿದ ಕೆಲಸದ ಕೂಲಿ, ಆದ್ರೆ ಇಸ್ಕೊಳ್ಳೋ ರೀತಿ ಭಿಕ್ಷೆಯದ್ದು. ಇವತ್ತಿನ ಎಲ್ಲ ಗೊಂದಲ ಹುಟ್ಟಿದ್ದು ಆ ಕಣದಲ್ಲೇ ಅಂತ ನನ್ನ ಅಭಿಪ್ರಾಯ.

ಅದೇ ಕಾಲದಲ್ಲಿ ಮೇಲಿನವರಿಗೆ ಏನಿತ್ತು? 1891ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ತನ್ನ ನೌಕರರಿಗೆ ಜೀವವಿಮೆ ಶುರು ಮಾಡ್ತು. ಇವತ್ತು ನಮ್ಮ ಸಂಬಳದ ಚೀಟೀಲಿ ಕೆಜಿಐಡಿ ಅಂತ ಕಡಿತ ಬರುತ್ತಲ್ಲ, ಅದರ ಬೇರು ಅದೇ. ಅಮಲ್ದಾರರಿಗೆ, ಶಿರಸ್ತೇದಾರರಿಗೆ ಪಿಂಚಣಿ ಇತ್ತು. ಆ ದುಡ್ಡು ಬಂದದ್ದು ಭೂಕಂದಾಯದಿಂದ, ಅದು ಬಿಟ್ರೆ ಅಬಕಾರಿಯಿಂದ. ಹೆಂಡ ಸಾರಾಯಿ ಕುಡಿದು ಖಜಾನೆ ತುಂಬಿಸಿದವರು ಯಾರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಆ ಹುದ್ದೆಗಳಲ್ಲಿ ಯಾರಿದ್ರು ಅನ್ನೋದಕ್ಕೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿಯನ್ನೇ ಮಾಡಬೇಕಾಯ್ತು. ಒಂದೇ ಜಾತಿ ಕಚೇರಿ ತುಂಬಿದೆ ಅಂತ ಉಳಿದವರು ಕೂಗಿದ್ದಕ್ಕೆ ಆದ ಸಮಿತಿ ಅದು. ಅಂದ್ರೆ ತೆರಿಗೆ ದುಡ್ಡಲ್ಲಿ ಪಿಂಚಣಿ ಅನ್ನೋದು ನಮ್ಮ ರಾಜ್ಯಕ್ಕೆ ಹೊಸದಲ್ಲ. ನೂರು ವರ್ಷಕ್ಕಿಂತ ಹಳೇದು. ಆಗ ಅದನ್ನ ಯಾರೂ ಬಿಟ್ಟಿ ಅನ್ನಲಿಲ್ಲ, ಮರ್ಯಾದೆ ಅಂದ್ರು.

ಕೋಲಾರದ ಚಿನ್ನದ ಗಣಿ ಇನ್ನೊಂದು ಕಥೆ. 1902ರಲ್ಲಿ ನಮ್ಮ ಜಿಲ್ಲೆ ಅಂಚಿನ ಶಿವನಸಮುದ್ರದಿಂದ ಕರೆಂಟು ಹೋದದ್ದು ಮೊದಲು ಆ ಗಣಿಗೆ. ಪಾತಾಳಕ್ಕೆ ಇಳಿದು ಚಿನ್ನ ತೆಗೆದವರಲ್ಲಿ ಬಹುಪಾಲು ತಮಿಳು ದಲಿತರು. ಚಿನ್ನದ ಮೇಲೆ ರಾಜಸ್ವ ಮೈಸೂರು ಸರ್ಕಾರಕ್ಕೆ ಬಂತು, "ಮಾದರಿ ಸಂಸ್ಥಾನ" ಅನ್ನೋ ಹೆಸರು ಬಂತು. ತೆಗೆದವರ ಶ್ವಾಸಕೋಶಕ್ಕೆ ಕಲ್ಲಿನ ಧೂಳು ಕೂತು ಸಿಲಿಕೋಸಿಸ್ ಬಂತು. ಆ ರಾಜಸ್ವದಲ್ಲಿ ಇಷ್ಟು ಪಾಲು ಅಗೆದವನ ಆರೋಗ್ಯಕ್ಕೆ ಅಂತ ಮೊದಲೇ ಎತ್ತಿಡೋ ಯೋಚನೆ ಯಾವ ದಿವಾನರಿಗೂ ಬರಲಿಲ್ಲ.

ಆ ಯೋಚನೆ ಬಂದದ್ದು ಬಾಬಾಸಾಹೇಬರಿಗೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ನಾವು ಅವರನ್ನ ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆ ಅಂತಲೇ ನೋಡ್ತೀವಿ. ಅವರ ಮೊದಲ ಪಾಂಡಿತ್ಯ ತೆರಿಗೆ. ಬ್ರಿಟಿಷ್ ಇಂಡಿಯಾದಲ್ಲಿ ಪ್ರಾಂತೀಯ ಹಣಕಾಸು ಬೆಳೆದ ಬಗೆಯನ್ನ ಕುರಿತ ಅವರ ಪುಸ್ತಕ 1925ರಲ್ಲೇ ಅಚ್ಚಾಗಿತ್ತು. 1927ರಲ್ಲಿ ಬಾಂಬೆ ಶಾಸನ ಪರಿಷತ್ತಿಗೆ ಹೋದವರೇ ಬಜೆಟ್ ಮೇಲೆ ಮಾತಾಡ್ತಾ ಹೇಳಿದ್ದು ಇದು: ಆದಾಯ ತೆರಿಗೆಗೆ ಇಂತಿಷ್ಟು ಆದಾಯದ ಕೆಳಗಿದ್ರೆ ವಿನಾಯ್ತಿ ಇದೆ. ಭೂಕಂದಾಯಕ್ಕೆ ಅದಿಲ್ಲ, ಎಷ್ಟೇ ಸಣ್ಣ ರೈತನಾದ್ರೂ ಕಟ್ಟಬೇಕು. ಇದು ಯಾವ ನ್ಯಾಯ?

ಮರುವರ್ಷ, 1928ರ ಜುಲೈನಲ್ಲಿ, ಗಿರಣಿ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಬಂತು. ಹೊರೆ ಯಾರು ಹೊರಬೇಕು ಅನ್ನೋದೇ ಜಗಳ. ಬಾಬಾಸಾಹೇಬರು ಮಸೂದೆಯ ಪರ ನಿಂತರು. ತಾಯಿಗೆ ಹೆರಿಗೆ ಮುಂಚೆ, ಆಮೇಲೆ ವಿಶ್ರಾಂತಿ ಸಿಗೋದು ದೇಶದ ಹಿತ, ಆದ್ದರಿಂದ ಅದರ ಹೊರೆ ಬಹುಮಟ್ಟಿಗೆ ಸರ್ಕಾರವೇ ಹೊರಬೇಕಾದದ್ದು ಅಂತ ಒಪ್ಪಿಕೊಂಡರು. ಆದ್ರೆ ಸರ್ಕಾರ ಹೊರೋ ತನಕ, ಆ ಹೆಂಗಸಿನ ದುಡಿಮೆಯಿಂದ ಲಾಭ ಮಾಡೋ ಮಾಲೀಕ ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂದ್ರು. ಮರುವರ್ಷ ಬಾಂಬೆಯಲ್ಲಿ ಕಾಯ್ದೆ ಆಯ್ತು. ನೋಡಿ, ದಾನ, ಧರ್ಮ, ಕರುಣೆ ಇದ್ಯಾವುದೂ ಆ ವಾದದಲ್ಲಿಲ್ಲ. ಯಾರಿಗೆ ಲಾಭ, ಯಾರ ಮೇಲೆ ಹೊರೆ ಅನ್ನೋ ಲೆಕ್ಕ ಅಷ್ಟೇ.

1942ರಲ್ಲಿ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. 1943ರ ಡಿಸೆಂಬರಿನಲ್ಲಿ ಝರಿಯಾ ಕಡೆಯ ಕಲ್ಲಿದ್ದಲು ಗಣಿಗೆ ತಾವೇ ಇಳಿದು ನೋಡಿದ್ರು. ಆ ಕಾಲದಲ್ಲಿ ಅಷ್ಟು ದೊಡ್ಡ ಅಧಿಕಾರದಲ್ಲಿದ್ದವನು ಗಣಿ ಒಳಗೆ ಇಳಿಯೋದು ಅಂದ್ರೆ ಸಣ್ಣ ಮಾತಲ್ಲ. 1944ರಲ್ಲಿ ಸುಗ್ರೀವಾಜ್ಞೆ ಹೊರಟಿತು. ಗಣಿಯಿಂದ ಹೊರಗೆ ಹೋಗೋ ಕಲ್ಲಿದ್ದಲಿನ ಮೇಲೆ ಸೆಸ್. ಆ ಸೆಸ್ಸಿನಿಂದ ಕಾರ್ಮಿಕ ಕಲ್ಯಾಣ ನಿಧಿ. ಅದರಿಂದ ಗಣಿ ಕೆಲಸದವರಿಗೆ ಆಸ್ಪತ್ರೆ, ಮನೆ, ನೀರು. 1946ರಲ್ಲಿ ಅಭ್ರಕದ ಗಣಿಗಳಿಗೂ ಇಂಥದ್ದೇ ಕಾಯ್ದೆ ಬಂತು. ಕೋಲಾರದಲ್ಲಿ ಆಗದೇ ಹೋದದ್ದನ್ನ ಇಟ್ಟುಕೊಂಡು ಇದನ್ನ ಓದಿ.

ಅದೇ ಸಮಯದಲ್ಲಿ ಬಿ.ಪಿ. ಅದಾರ್ಕರ್ ಅವರಿಗೆ ಕಾರ್ಖಾನೆ ಕೆಲಸಗಾರರ ಆರೋಗ್ಯ ವಿಮೆ ವರದಿ ಕೊಡೋಕೆ ಹೇಳಿದ್ರು. ವರದಿ 1944ರಲ್ಲಿ ಬಂತು, ಅದರ ಮೇಲೆ 1948ರಲ್ಲಿ ಇಎಸ್‌ಐ ಕಾಯ್ದೆ. ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟು, ದುಡ್ಡು ಕೊಡೋ ಶಕ್ತಿ ಇಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತು. ಸಂವಿಧಾನದ 41ನೇ ವಿಧಿಯಲ್ಲಿ ಮುಪ್ಪು, ಕಾಯಿಲೆ, ನಿರುದ್ಯೋಗದಲ್ಲಿ ಸರ್ಕಾರದ ನೆರವು ಪಡೆಯೋ ಹಕ್ಕು ಅಂತ ಬರೆದರು. ಆದ್ರೆ ಅಲ್ಲೇ "ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ" ಅನ್ನೋ ಅರ್ಥದ ಮಾತೂ ಸೇರ್ತು. ಕೋರ್ಟಿಗೆ ಹೋಗಿ ಕೇಳೋ ಹಾಗಿಲ್ಲದ ನಿರ್ದೇಶಕ ತತ್ವದಲ್ಲಿ ಅದು ಉಳೀತು. ಇಎಸ್‌ಐ ಕಾರ್ಖಾನೆಗೆ, ಪಿಎಫ್ ಕಾರ್ಖಾನೆಗೆ, ಪಿಂಚಣಿ ಕಚೇರಿಗೆ. ಹೊಲಕ್ಕೆ ಏನೂ ಇಲ್ಲ. ನಮ್ಮ ಜನ ಇದ್ದದ್ದು ಹೊಲದಲ್ಲಿ.

(ಇಂಥ ಜಗಳ ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಇಂಗ್ಲೆಂಡಿನಲ್ಲಿ 1908ರಲ್ಲಿ ಕಾಯ್ದೆಯಾಗಿ ಮರುವರ್ಷದಿಂದ 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್ ಪಿಂಚಣಿ ಬಂತು, ಪೂರ್ತಿ ತೆರಿಗೆ ದುಡ್ಡಲ್ಲಿ. ಅದಕ್ಕೂ ಯುದ್ಧನೌಕೆಗೂ ಹಣ ಬೇಕು ಅಂತ 1909ರ ಬಜೆಟ್‌ನಲ್ಲಿ ಭೂಮಾಲೀಕರ ಮೇಲೆ ತೆರಿಗೆ ಹಾಕಿದ್ರೆ, ಲಾರ್ಡ್‌ಗಳ ಸಭೆ ಬಜೆಟ್ಟನ್ನೇ ತಿರಸ್ಕರಿಸ್ತು. ಕೊನೆಗೆ 1911ರಲ್ಲಿ ಆ ಸಭೆಯ ಅಧಿಕಾರವನ್ನೇ ಕತ್ತರಿಸಬೇಕಾಯ್ತು. ಇವತ್ತು ಅದೇ ದೇಶದಲ್ಲಿ 1948ರಲ್ಲಿ ಶುರುವಾದ ಎನ್‌ಎಚ್‌ಎಸ್ ಆಸ್ಪತ್ರೆಗೆ ಯಾರೂ ಬಿಟ್ಟಿ ಆಸ್ಪತ್ರೆ ಅನ್ನಲ್ಲ.)

ನಮ್ಮಲ್ಲಿ ಹಳಬರು ಸರ್ಕಾರಿ ಆಸ್ಪತ್ರೆಗೆ ಏನಂತಿದ್ರು? ಧರ್ಮಾಸ್ಪತ್ರೆ. ಯಾರ ಧರ್ಮ? ನಿಮ್ಮ ಮನೆಕಂದಾಯದ ರಸೀದಿ ತೆಗೆದು ನೋಡಿ. ಪಂಚಾಯ್ತಿ ತೆರಿಗೆಯ ಕೆಳಗೆ ಆರೋಗ್ಯ ಕರ ನೂರಕ್ಕೆ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3 ಅಂತ ಸೇರಿಸಿರ್ತಾರೆ. ಆರೋಗ್ಯ ಕರದ ಕಾಯ್ದೆ 1962ರಷ್ಟು ಹಳೇದು. ನಮ್ಮ ಕೇರಿಯ ಹೆಂಚಿನ ಮನೆಗೂ ಇದು ಬೀಳುತ್ತೆ. ದೊಡ್ಡವ್ವನ ಮನೆಗೂ. ಮಜಾ ಏನು ಗೊತ್ತಾ, ದೊಡ್ಡವ್ವ ಭಿಕ್ಷುಕರ ಕರವನ್ನೂ ಕಟ್ಟುತ್ತೆ, ಭಿಕ್ಷೆ ತಿನ್ನೋಳು ಅನ್ನಿಸಿಕೊಳ್ಳುತ್ತೆ ಕೂಡ.

ಮುದುಕರ ಪಿಂಚಣಿ ವಿಚಾರಕ್ಕೆ ಬರೋಣ. 1957ರಲ್ಲಿ ಉತ್ತರ ಪ್ರದೇಶ ಶುರು ಮಾಡ್ತು, 1960ರ ದಶಕದಲ್ಲಿ ನಮ್ಮ ರಾಜ್ಯಕ್ಕೂ ಬಂತು. ಆದ್ರೆ ಷರತ್ತು ನೋಡಿ. ಗತಿ ಇಲ್ಲದವರಾಗಿರಬೇಕು. ದುಡಿದಿದ್ದೀಯಾ ಅಂತ ಯಾರೂ ಕೇಳಲ್ಲ, ನೋಡ್ಕೊಳ್ಳೋ ಮಗ ಇದ್ದಾನಾ ಅಂತ ಕೇಳ್ತಾರೆ. ಜೀವಮಾನ ಪೂರ್ತಿ ದುಡಿದವಳು ಕೊನೇಲಿ ಹೋಗಿ ನನಗೆ ಯಾರೂ ಇಲ್ಲ ಬುದ್ಧಿ ಅಂತ ಕೈ ಮುಗಿದು ನಿಂತ್ರೆ ಅರ್ಜಿ ಪಾಸಾಗುತ್ತೆ. ಕಣದಲ್ಲಿ ಆಯ ಇಸ್ಕೊಂಡ ಹಾಗೇ. ಆಗ ಮನಿಯಾರ್ಡರ್‌ನಲ್ಲಿ ಬರ್ತಿತ್ತು, ತಂದು ಕೊಟ್ಟವರಿಗೆ ಕಾಫಿ ಕಾಸು ಅಂತ ಒಂದಿಷ್ಟು ಮುರೀತಿತ್ತು. ಈಗ ಖಾತೆಗೆ ಬರುತ್ತೆ, ಆಧಾರ್ ಜೋಡಣೆ ತಪ್ಪಿದ್ರೆ ಮೂರ್ನಾಲ್ಕು ತಿಂಗಳು ನಿಂತೇ ಹೋಗುತ್ತೆ. ದೊಡ್ಡವ್ವಂದು ಒಮ್ಮೆ ನಿಂತಿತ್ತು. ನಾನು ಗುಮಾಸ್ತ, ಅರ್ಜಿ ಬರೆಯೋಕೆ ಬರುತ್ತೆ, ಆದ್ರೂ ಮೂರು ಸಲ ರಜೆ ಹಾಕಿ ಓಡಾಡಿದೆ. ಗುಮಾಸ್ತ ಮಗ ಇಲ್ಲದ ಮುದುಕರ ಗತಿ ಏನು ಅಂತ ಆಗ ಅರ್ಥ ಆಯ್ತು.

1982ರ ಡಿಸೆಂಬರ್ 17ಕ್ಕೆ ಸುಪ್ರೀಂ ಕೋರ್ಟು ನಕಾರಾ ಪ್ರಕರಣದಲ್ಲಿ ತೀರ್ಪು ಕೊಡ್ತು. ನಿವೃತ್ತ ನೌಕರರಿಗೆಲ್ಲ ಗೊತ್ತು, ಆ ದಿನವನ್ನೇ ಪಿಂಚಣಿದಾರರ ದಿನ ಅಂತ ಆಚರಿಸ್ತಾರೆ. ಪಿಂಚಣಿ ಸರ್ಕಾರದ ದಯೆ ಅಲ್ಲ, ಬಕ್ಷೀಸೂ ಅಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲಬೇಕಾದ ಹಕ್ಕು ಅನ್ನೋದು ಅದರ ತಿರುಳು. ಹಿಡಿದಿಟ್ಟು ಆಮೇಲೆ ಕೊಡೋ ಸಂಬಳ ಅಂತ ಅರ್ಥ ಮಾಡ್ಕೋಬಹುದು. ಈಗ ದೊಡ್ಡವ್ವನ ಮಾತು ನೆನಪಿಸ್ಕೊಳ್ಳಿ. ಸಂಬ್ಳ ಹಾಕವ್ರಾ? ಅಕ್ಷರ ಬಾರದ ಹೆಂಗಸು ಸುಪ್ರೀಂ ಕೋರ್ಟು ಹೇಳಿದ್ದನ್ನೇ ಹೇಳ್ತಿದೆ. ವ್ಯತ್ಯಾಸ ಒಂದೇ. ಕೋರ್ಟು ಅದನ್ನ ಹೇಳಿದ್ದು ಕಚೇರೀಲಿ ಕೂತವರಿಗೆ. ನಾಟಿ ಮಾಡಿದವಳಿಗೆ, ಕಬ್ಬು ಕಡಿದವಳಿಗೆ, ಊರಿನ ಸಗಣಿ ಬಾಚಿದವಳಿಗೆ ಇನ್ನೂ ಹೇಳಿಲ್ಲ.

1995ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ಮುದುಕರ ಪಿಂಚಣಿಗೆ ತಲೆಗೆ ತಿಂಗಳಿಗೆ 75 ರೂಪಾಯಿ ಕೊಡೋಕೆ ಶುರು ಮಾಡ್ತು. ಆಮೇಲೆ ಅದು 200 ಆಯ್ತು. 80 ದಾಟಿದವರಿಗೆ 500. 80ರ ಒಳಗಿನವರಿಗೆ ಕೇಂದ್ರದ ಪಾಲು 2007ರಿಂದ ಇವತ್ತಿನ ತನಕ ಅದೇ 200ರಲ್ಲಿ ನಿಂತಿದೆ. ಇತ್ತೀಚಿನ ಬಜೆಟ್‌ಗಳಲ್ಲಿ ಮುದುಕರು, ವಿಧವೆಯರು, ಅಂಗವಿಕಲರು ಎಲ್ಲ ಸೇರಿದ ಆ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಇಟ್ಟದ್ದು ವರ್ಷಕ್ಕೆ 9,652 ಕೋಟಿ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನ ನೂರಕ್ಕೆ 30ರಿಂದ 22ಕ್ಕೆ ಇಳಿಸಿದಾಗ ಖಜಾನೆಗೆ ಆಗೋ ಖೋತಾ ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ಅಂತ ಸರ್ಕಾರವೇ ಹೇಳ್ತು. ಭಾಗಾಕಾರ ನೀವೇ ಮಾಡಿ. ಆ ದಿನ ಯಾರೂ ನಮ್ಮ ಟ್ಯಾಕ್ಸ್ ದುಡ್ಡು ಅಂತ ಮೆಸೇಜ್ ಕಳಿಸಲಿಲ್ಲ.

ರಾಜ್ಯದ ಲೆಕ್ಕದಲ್ಲಿ 2007ರ ಜುಲೈ ಒಂದು ವಿಚಿತ್ರ ತಿಂಗಳು. ಜುಲೈ 1ರಿಂದ ಸಾರಾಯಿ ನಿಷೇಧ. ಅದೇ ತಿಂಗಳು ಸಂಧ್ಯಾ ಸುರಕ್ಷಾ ಶುರು, 65 ದಾಟಿದ ಕೃಷಿ ಕೂಲಿಗಳು, ಸಣ್ಣ ರೈತರು, ನೇಕಾರರು, ಅಸಂಘಟಿತ ಕೆಲಸಗಾರರಿಗೆ ತಿಂಗಳಿಗೆ 400. ಗಂಡ ಹೆಂಡತಿ ಆದಾಯ ಸೇರಿ ವರ್ಷಕ್ಕೆ 20 ಸಾವಿರ ಮೀರಬಾರದು ಅಂತ ಮಿತಿ. ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದ ಕಾಲ. ನನಗೆ ಈ ಯೋಜನೆ ಒಂದು ಕಾರಣಕ್ಕೆ ಇಷ್ಟ. ಗತಿ ಇಲ್ಲದವರು ಅನ್ನೋದರ ಜೊತೆ ಮೊದಲ ಬಾರಿಗೆ ನೀನು ಏನು ಕೆಲಸ ಮಾಡಿದ್ದೆ ಅಂತಲೂ ಕೇಳ್ತು. 2018ರಲ್ಲಿ 1000, 2021ರಲ್ಲಿ ಬೊಮ್ಮಾಯಿಯವರ ಕಾಲಕ್ಕೆ 1200. ಅಲ್ಲಿಗೇ ನಿಂತಿದೆ. ದಿನಕ್ಕೆ 40 ರೂಪಾಯಿ.

ನಾನು ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಕಟ್ಟಿದ್ದೀನಿ ವರ್ಷಗಟ್ಟಲೆ. 1976ರ ಕಾಯ್ದೆ ಅದು. ಕೇಂದ್ರ ಒಬ್ಬ ಮುದುಕಿಗೆ ಕೊಡೋದೂ 200. ಸಂಬಳದ ಚೀಟಿ ನೋಡಿದಾಗೆಲ್ಲ ನನಗೆ ಅದು ಕಣ್ಣಿಗೆ ಬೀಳುತ್ತೆ. ಪಕ್ಕದ ಮಹಾರಾಷ್ಟ್ರದಲ್ಲಿ 1970ರ ದಶಕದಲ್ಲಿ ಬರಗಾಲ ಬಂದ ಮೇಲೆ, ಪಟ್ಟಣದ ಸಂಬಳದಾರರ ವೃತ್ತಿ ತೆರಿಗೆಯನ್ನೇ ಹಳ್ಳಿ ಕೂಲಿಗಳ ಉದ್ಯೋಗ ಖಾತ್ರಿಗೆ ಅಂತ ಎತ್ತಿಟ್ಟರು. ಪಟ್ಟಣದವನು ತನ್ನ ದುಡ್ಡು ಯಾರಿಗೆ ಹೋಗ್ತಿದೆ ಅಂತ ಗೊತ್ತಿದ್ದೂ ಕಟ್ಟಿದ. ಪ್ರಪಂಚ ಮುಳುಗಲಿಲ್ಲ. ಆಮೇಲೆ ದೇಶಕ್ಕೆ ಬಂದ ನರೇಗಾಕ್ಕೆ ಅದೇ ದಾರಿ ತೋರಿಸ್ತು.

ದೊಡ್ಡವ್ವ ತೆರಿಗೆ ಕಟ್ಟಲ್ವಾ? ಮೈಸೋಪು, ತಲೆ ಎಣ್ಣೆಗೆ 2017ರಿಂದ 2025ರ ಸೆಪ್ಟೆಂಬರ್ ತನಕ ನೂರಕ್ಕೆ 18 ಜಿಎಸ್‌ಟಿ. ಅದು ಬಾಯಿಗೆ ಹಾಕೋ ಕಡ್ಡಿಪುಡಿಗೆ ಆಗ 28, ಮೇಲೆ ಸೆಸ್ಸೂ ಇತ್ತು. ಹಾಕಬೇಡ ಅಂದ್ರೆ ಕೇಳಲ್ಲ, ಅದು ಬೇರೆ ವಿಷಯ. ಅದೇ 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿ ಮೇಲಿನ ಕಾರ್ಮಿಕ ಕಲ್ಯಾಣ ಸೆಸ್ಸನ್ನ ತೆಗೆದುಹಾಕಿದ್ರು. ಬೀಡಿ ಸುತ್ತೋ ಹೆಂಗಸರ ಆಸ್ಪತ್ರೆಗೆ, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಹೋಗ್ತಿದ್ದ ದುಡ್ಡು ಅದು. 1944ರಲ್ಲಿ ಬಾಬಾಸಾಹೇಬರು ಕಲ್ಲಿದ್ದಲಿನಲ್ಲಿ ಹಾಕಿಕೊಟ್ಟ ಮಾದರಿ ಅಲ್ಲಿ ಸದ್ದಿಲ್ಲದೆ ಮುಗೀತು. ಎಷ್ಟು ಜನ ಪ್ರತಿಭಟನೆ ಮಾಡಿದ್ವಿ? ನಾನಂತೂ ಮಾಡಲಿಲ್ಲ, ಗೊತ್ತೇ ಇರಲಿಲ್ಲ. ಕಟ್ಟಡ ಕಾರ್ಮಿಕರ 1 ಪರ್ಸೆಂಟ್ ಸೆಸ್ಸು ಮಾತ್ರ ಇನ್ನೂ ಉಳಿದಿದೆ. ಬೆಂಗಳೂರು, ಕೇರಳಕ್ಕೆ ಗಾರೆ ಕೆಲಸಕ್ಕೆ ಹೋಗೋ ನಮ್ಮ ಹುಡುಗರು ದಯವಿಟ್ಟು ಕಾರ್ಡು ಮಾಡಿಸ್ಕೊಳ್ಳಿ, 60 ಆದ್ಮೇಲೆ ಪಿಂಚಣಿ ಇದೆ.

ಇನ್ನು ನಮ್ಮ ನೌಕರರ ವಿಚಾರ. 2001ರಲ್ಲಿ ಬ್ಯಾಕ್‌ಲಾಗ್ ನೇಮಕಾತಿ ನಿಯಮ ಬಂದು, ವರ್ಷಗಟ್ಟಲೆ ಖಾಲಿ ಬಿಟ್ಟಿದ್ದ ಎಸ್‌ಸಿ ಎಸ್‌ಟಿ ಹುದ್ದೆಗಳಿಗೆ ನಮ್ಮ ಹುಡುಗರು ಹುಡುಗಿಯರು ಸೇರೋಕೆ ಶುರುವಾದ್ರು. 2006ರ ಏಪ್ರಿಲ್ 1ರಿಂದ ಹೊಸದಾಗಿ ಸೇರಿದವರಿಗೆ ರಾಜ್ಯ ಸರ್ಕಾರ ಹಳೇ ಪಿಂಚಣಿ ನಿಲ್ಲಿಸ್ತು. ಬೇಕಂತಲೇ ಮಾಡಿದ್ರು ಅಂತ ನಾನು ಹೇಳಲ್ಲ, ಕೇಂದ್ರದ್ದು 2004ರಲ್ಲೇ ಆಗಿತ್ತು. ಆದ್ರೆ ಮನೆಯ ಮೊದಲ ನೌಕರ ಕಚೇರಿ ಮೆಟ್ಟಿಲು ಹತ್ತೋ ಹೊತ್ತಿಗೆ ಒಳಗಿನ ಪಂಕ್ತಿ ಎದ್ದು ಹೋಗಿತ್ತು ಅನ್ನೋದು ಸುಳ್ಳಲ್ಲ. 2022ರ ಡಿಸೆಂಬರ್‌ನಲ್ಲಿ ಫ್ರೀಡಂ ಪಾರ್ಕಿನ ಹೋರಾಟಕ್ಕೆ ನಾನೂ ಹೋಗಿದ್ದೆ. 2023ರ ಮಾರ್ಚ್ 1ರ ಮುಷ್ಕರದಲ್ಲೂ ಇದ್ದೆ. ಒಪಿಎಸ್ ನ್ಯಾಯವಾದ ಬೇಡಿಕೆ ಅಂತ ಈಗಲೂ ನಂಬ್ತೀನಿ.

ಆದ್ರೆ ಆ ಮೈದಾನದಲ್ಲಿ ನಾನು ಕೇಳದೇ ಉಳಿದ ಒಂದು ಪ್ರಶ್ನೆ ಇದೆ. ತೋಟಿ ಪದ್ಧತಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ 1963ಕ್ಕೆ ಹೋಯ್ತು. ಅದರ ಜಾಗದಲ್ಲಿ ಬಂದವರು ಗ್ರಾಮ ಸಹಾಯಕರು. ಬಹಳ ಕಡೆ ಅದೇ ಮನೆತನದವರು. ನಮ್ಮ ಕಚೇರಿಗಳ ನೋಟಿಸ್ ಹಂಚೋರು, ಸರ್ವೆಗೆ ಜೊತೆ ಹೋಗೋರು ಈಗಲೂ ಅವರೇ. ಅವರಿಗೆ ಗೌರವಧನ, ಪಿಂಚಣಿ ಇಲ್ಲ. ಡಿ ಗ್ರೂಪ್ ಮಾಡಿ ಅಂತ ವರ್ಷಗಳಿಂದ ಬೀದೀಲಿ ಕೂತಿದ್ದಾರೆ. ಒಪಿಎಸ್ ವೇದಿಕೇಲಿ ಅವರ ಹೆಸರು ನನ್ನ ಕಿವಿಗೆ ಬೀಳಲಿಲ್ಲ. ದೊಡ್ಡವ್ವನ ಹೆಸರಂತೂ ಬೀಳೋದೇ ಇಲ್ಲ. ಪೌರಕಾರ್ಮಿಕರು ಮಾತ್ರ ಹಟ ಹಿಡಿದು ಗೆದ್ರು. 2022ರ ಜುಲೈನಲ್ಲಿ ಕಸ ಎತ್ತೋದು ನಿಲ್ಲಿಸಿ ಕೂತರು, ನಾಲ್ಕೇ ದಿನಕ್ಕೆ ಊರು ನಾರಿದ ಮೇಲೆ ಸರ್ಕಾರ ಕಾಯಂ ಮಾಡ್ತೀವಿ ಅಂತು. 2025ರ ಮೇ 1ಕ್ಕೆ ಬೆಂಗಳೂರಲ್ಲಿ 12,692 ಜನಕ್ಕೆ ಕಾಯಂ ಆದೇಶ ಸಿಕ್ತು.

ಆರೋಗ್ಯದ ಬಗ್ಗೆ ನಮ್ಮ ಜಿಲ್ಲೆಯವರು ಬೇರೆ ಕಡೆ ಉದಾಹರಣೆ ಹುಡುಕಬೇಕಾಗಿಲ್ಲ. 2003ರಲ್ಲಿ ಯಶಸ್ವಿನಿ ಬಂತು, ವರ್ಷಕ್ಕೆ 60 ರೂಪಾಯಿ. ಸಹಕಾರ ಸಂಘದ ಸದಸ್ಯರಿಗೆ ಮಾತ್ರ. ಕುದೇರಿನ ಡೇರಿಗೆ ಹಾಲು ಬರೋ ಊರುಗಳಲ್ಲಿ ಹಾಲು ಹಾಕೋ ಮನೆಯವರಿಗೆ ಕಾರ್ಡ್ ಸಿಕ್ತು. ಹಸು ಇಲ್ಲದವನು ಸಂಘದ ಸದಸ್ಯ ಅಲ್ಲ. ಆ 60 ರೂಪಾಯಿ ಕಟ್ಟಿದವರು ಆಸ್ಪತ್ರೇಲಿ ನಾವು ದುಡ್ಡು ಕಟ್ಟಿದ್ದೀವಿ ಅಂತ ಧೈರ್ಯವಾಗಿ ಮಾತಾಡೋದನ್ನ ನೋಡಿದ್ದೀನಿ. ಅದು ಒಳ್ಳೇದೇ. ಆದ್ರೆ ಆರೋಗ್ಯ ಕರ ಕಟ್ಟಿದವನೂ ದುಡ್ಡು ಕಟ್ಟಿದವನೇ. ರಸೀದಿ ಅವನ ಹತ್ರಾನೂ ಇದೆ, ಧೈರ್ಯ ಮಾತ್ರ ಇಲ್ಲ.

2021ರ ಮೇ 2ರ ರಾತ್ರಿ. ಚಾಮರಾಜನಗರ ಜಿಲ್ಲಾಸ್ಪತ್ರೆ. ಆಕ್ಸಿಜನ್ ಸಾಲದೆ ಬಂತು, ಮಾರನೇ ದಿನಕ್ಕೆ 24 ಜನ ಸತ್ತ ಸುದ್ದಿ. ಕಾರಣದ ಬಗ್ಗೆ, ಸಂಖ್ಯೆ ಬಗ್ಗೆ ಆಮೇಲೆ ಬಹಳ ಜಗಳ ಆಯ್ತು, ಹೈಕೋರ್ಟ್ ಸಮಿತಿ ನೇಮಿಸ್ತು, ಅದನ್ನ ಇಲ್ಲಿ ಬಿಡಿಸಲ್ಲ. ನಾನು ಹೇಳೋದು ಬೇರೆ. ಆ ವಾರ್ಡಿನಲ್ಲಿ ಎಲ್ಲ ಜಾತಿಯವರೂ ಇದ್ರು. ಟ್ಯಾಕ್ಸ್ ಪೇಯರೂ ಇದ್ರು. ಧರ್ಮಾಸ್ಪತ್ರೆ ಅಂತ ಮೂಗು ಮುರೀತಿದ್ದವರ ಮನೆಯವರೂ ಅಲ್ಲೇ ಬೆಡ್ಡಿಗೆ ಕಾದರು. ಮೈಸೂರಿಗೆ ಹೋಗೋಣ ಅಂದ್ರೆ ಅಲ್ಲೂ ಬೆಡ್ ಇರಲಿಲ್ಲ. ಅದೇ ವರ್ಷ ಅಕ್ಟೋಬರ್ 7ಕ್ಕೆ ರಾಷ್ಟ್ರಪತಿ ಕೋವಿಂದ್ ಬಂದು ಯಡಬೆಟ್ಟದ ಹತ್ರ ಮೆಡಿಕಲ್ ಕಾಲೇಜಿನ 450 ಹಾಸಿಗೆಯ ಆಸ್ಪತ್ರೆ ಉದ್ಘಾಟಿಸಿದ್ರು. ಅಷ್ಟು ಹಾಸಿಗೆ ಐದು ತಿಂಗಳು ಮುಂಚೆ ಇದ್ದಿದ್ರೆ ಅಂತ ಆ ದಿನ ಎಷ್ಟು ಮನೇಲಿ ಅಂದ್ಕೊಂಡ್ರೋ. ಆ ಆಸ್ಪತ್ರೆ ಕಟ್ಟಿದ್ದೂ ತೆರಿಗೆ ದುಡ್ಡಲ್ಲೇ.

ಟೀ ಹೊತ್ತಿನ ಆ ಸಹೋದ್ಯೋಗಿಗೆ ನಾನು ಇದೆಲ್ಲ ಹೇಳಲಿಲ್ಲ. ಮಾರನೇ ದಿನ ಬಿಟ್ಟಿ ಪದದ ಅರ್ಥ ಅಷ್ಟನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಜ್ಜನೂ ಜೀತ ಇದ್ರು ಕಣಪ್ಪ, ಮನೇಲಿ ಯಾರೂ ಅದನ್ನ ಮಾತಾಡಲ್ಲ" ಅಂದ್ರು. ಅವರದ್ದು ನಮ್ಮ ಜಾತಿ ಅಲ್ಲ. ಮೆಸೇಜು ಡಿಲೀಟ್ ಮಾಡಿದ್ರೋ ಇಲ್ವೋ ನಾನು ಕೇಳೋಕೆ ಹೋಗಲಿಲ್ಲ.

ಬಂಧುಗಳಲ್ಲಿ ಒಂದು ಕೋರಿಕೆ. ನಿಮ್ಮ ತಾತ ಮುತ್ತಾತ ತೋಟಿ, ಕುಳವಾಡಿ ಆಗಿದ್ರೆ ಇನಾಂತಿ ಜಮೀನಿನ ಹಳೇ ಕಾಗದ, ಸನದು, ಮರುಮಂಜೂರಾತಿ ಆದೇಶ, ಹಳೇ ಮನೆಕಂದಾಯದ ರಸೀದಿ ಇವುಗಳಲ್ಲಿ ಏನಿದ್ರೂ ಫೋಟೋ ತೆಗೆದು ನನಗೆ ಕಳಿಸಿ. ಹರಿದಿದ್ರೂ ಪರವಾಗಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ಎಲ್ಲಿಯದಾದ್ರೂ ಸರಿ. ಮುಂದಿನ ಗ್ರಾಮಸಭೇಲಿ ಸಂಧ್ಯಾ ಸುರಕ್ಷಾ ನಿಂತು ಹೋದವರ ಪಟ್ಟಿ ಓದೋವಾಗ ಅದರ ಜೊತೆ ಇದನ್ನೂ ಇಡೋಣ ಅಂತಿದ್ದೀನಿ. ಪಟ್ಟೀಲಿ ಈಗ ನಮ್ಮ ಬೀದಿಯ ಹನ್ನೊಂದು ಹೆಸರು ಇವೆ. ದೊಡ್ಡವ್ವಂದು ನಿನ್ನೆ ಜಮಾ ಆಯ್ತು, ಎರಡು ತಿಂಗಳದ್ದು ಸೇರಿ 2400.

ಜೈ ಭೀಮ್.